ಕಿರುನಾದ ಜಿರ್ಕಾನ್ ಹರಳು
ಸ್ವೀಡನ್ನಿನ ಉತ್ತರದಲ್ಲಿರುವ ಕಿರುನಾ ಗಣಿಯ ಕಬ್ಬಿಣದ ಅದಿರಿಗೆ ಸುಮಾರು 188 ಕೋಟಿ ವರ್ಷ. ಈ ವಯಸ್ಸು ಹೇಳುವುದು ಕಬ್ಬಿಣವಲ್ಲ, ಅದರೊಳಗೆ ಅಪರೂಪಕ್ಕೆ ಸಿಗುವ ಜಿರ್ಕಾನ್ ಹರಳು. ಅದನ್ನು ಹೊರತೆಗೆಯುವ ಕೈಗಳ ನಾಜೂಕಿಗೆ ನಾನು ಮಾರುಹೋಗಿದ್ದೇನೆ. ಕಪ್ಪು ಮ್ಯಾಗ್ನೆಟೈಟ್ ಅದಿರನ್ನು ಪುಡಿಮಾಡಿ, ಅಯಸ್ಕಾಂತದಿಂದ ಕಬ್ಬಿಣ ಎಳೆದು, ಸಾಂದ್ರ ದ್ರವದಲ್ಲಿ ಮುಳುಗಿದ್ದನ್ನಷ್ಟೇ ಉಳಿಸಿಕೊಂಡು, ರವೆಗಿಂತ ಸಣ್ಣ ಹರಳುಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಆರಿಸುತ್ತಾರೆ. ರಾಳದಲ್ಲಿ ಕೂರಿಸಿ, ಒಡಲು ಕಾಣುವವರೆಗೆ ಉಜ್ಜುತ್ತಾರೆ. ಎಲೆಕ್ಟ್ರಾನ್ ಕಿರಣ ತಾಗಿದಾಗ ಹರಳು ಬೆಳೆದ ಪಟ್ಟೆಗಳು ಮಿನುಗುತ್ತವೆ. ಯಾವ ಪಟ್ಟೆಯನ್ನು ಅಳೆಯಬೇಕೆಂದು ಗೊತ್ತಾಗಲು ಪಳಗಿದ ಕಣ್ಣೇ ಬೇಕು. ಹುಟ್ಟುವಾಗ ಜಿರ್ಕಾನ್ ಯುರೇನಿಯಂಗೆ ಜಾಗ ಕೊಡುತ್ತದೆ, ಸೀಸವನ್ನು ಬಹುತೇಕ ದೂರವಿಡುತ್ತದೆ. ಹಾಗಾಗಿ ಈಗ ಒಳಗಿರುವ ಸೀಸ ಹೆಚ್ಚುಕಡಿಮೆ ಪೂರ್ತಿ ಯುರೇನಿಯಂ ಕ್ಷಯಿಸಿ ಬಂದದ್ದು, ಕಾಲದ ಗಳಿಕೆ. ಪಕ್ಕದ ಜ್ವಾಲಾಮುಖಿ ಶಿಲೆಯ ಹರಳುಗಳಿಗೂ ಹೆಚ್ಚುಕಮ್ಮಿ ಇಷ್ಟೇ ವಯಸ್ಸು. ಅಂದರೆ ಅದಿರು ಶಿಲಾಪಾಕದ ಬೆನ್ನಿಗೇ ಬಂದದ್ದು.