ಕಾರ್ಬನ್ ಪ್ರತಿ ಇಲ್ಲದ ಬಡ್ತಿ

ಕಬಕದಲ್ಲಿ ದಲಿತ ಕುಟುಂಬವೊಂದರ ಮೇಲೆ ದೌರ್ಜನ್ಯ ನಡೆದು ದೂರು ದಾಖಲಾದರೆ, ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಅದರ ತನಿಖೆ ಮಾಡುವಂತಿಲ್ಲ. 1995ರ ದೌರ್ಜನ್ಯ ತಡೆ ನಿಯಮಗಳಲ್ಲಿ 7ನೆಯದು ಹಾಗೆ ಹೇಳುತ್ತದೆ. ಅಧಿಕಾರಿಯ ಅನುಭವ, ಸಾಮರ್ಥ್ಯ, ನ್ಯಾಯಪ್ರಜ್ಞೆ ನೋಡಿ ನೇಮಿಸಬೇಕೆಂದೂ ಅದೇ ನಿಯಮ ಹೇಳುತ್ತದೆ. ವಿಟ್ಲದ ದಾರಿ ಕವಲೊಡೆಯುವಲ್ಲಿ ರಾತ್ರಿ ಅಪಘಾತವಾದರೆ ಮಹಜರು ಬರೆಯುವುದು, ಗಾಯಾಳುವಿನ ಹೇಳಿಕೆ ಪಡೆಯುವುದು ಠಾಣೆಯ ಪಿಎಸ್‌ಐ, ಎಎಸ್‌ಐಗಳ ಕೆಲಸ. ಯಾರು ಯಾವ ದರ್ಜೆಗೆ, ಯಾವ ದಾರಿಯಲ್ಲಿ ಬಂದರು ಎಂಬುದು ಪೊಲೀಸರ ಒಳಮನೆಯ ಸಂಗತಿ ಎಂದು ನಾವು ಸುಮ್ಮನಿರುತ್ತೇವೆ. ಹಾಗಿರಬಾರದು. ಪುತ್ತೂರು, ಸುಳ್ಯ, ಕಡಬದ ಜನ ಠಾಣೆಯ ಮೆಟ್ಟಿಲು ಹತ್ತಿದಾಗ ಸಿಗುವ ನ್ಯಾಯದ ಒಂದು ಪಾಲು ಆ ಪಟ್ಟಿಗಳಲ್ಲೇ ತೀರ್ಮಾನವಾಗಿರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಆ ಪಟ್ಟಿಗಳ ಮೇಲಿನ ವಿಶ್ವಾಸವನ್ನು ಅಲ್ಲಾಡಿಸಿದ್ದು 545 ಪಿಎಸ್‌ಐ ಹುದ್ದೆಗಳ ನೇಮಕಾತಿ. 2021ರ ಅಕ್ಟೋಬರ್ 3ರಂದು ಸುಮಾರು 54 ಸಾವಿರ ಮಂದಿ ಪರೀಕ್ಷೆ ಬರೆದರು. ಎರಡನೇ ಪತ್ರಿಕೆಯಲ್ಲಿ 100 ಪ್ರಶ್ನೆ, ಒಂದೊಂದಕ್ಕೆ ಒಂದೂವರೆ ಅಂಕ. ಕಲಬುರಗಿಯ ಕೇಂದ್ರವೊಂದರಲ್ಲಿ ಬರೆದ ಅಭ್ಯರ್ಥಿಯ ಒಎಂಆರ್ ಹಾಳೆಯ ಕಾರ್ಬನ್ ಪ್ರತಿ ಹೊರಬಂದಾಗ ಅದರಲ್ಲಿ ಗುರುತು ಹಾಕಿದ್ದ ಉತ್ತರಗಳು 21 ಮಾತ್ರ. ಎಲ್ಲವೂ ಸರಿಯಾಗಿದ್ದರೂ ಮೂವತ್ತೊಂದೂವರೆ ಅಂಕ ಬರಬೇಕು. ಬಂದದ್ದು 121. ಖಾಲಿ ಬಿಟ್ಟ ವೃತ್ತಗಳು ಆಮೇಲೆ ತುಂಬಿಕೊಂಡಿದ್ದವು. ದಕ್ಷತೆ, ಮೇಲ್ವಿಚಾರಣೆ, ಸಿಸಿಟಿವಿ ಯಾವುದೂ ಹಿಡಿಯದ ಮೋಸವನ್ನು ಹಿಡಿದುಕೊಟ್ಟದ್ದು ಅಭ್ಯರ್ಥಿಯ ಕೈಯಲ್ಲಿ ಉಳಿದ ಆ ತೆಳು ಹಾಳೆ. ಸರ್ಕಾರ 2022ರ ಏಪ್ರಿಲ್ 29ರಂದು ಪರೀಕ್ಷೆಯನ್ನೇ ರದ್ದುಮಾಡಿತು. ನೇಮಕಾತಿ ವಿಭಾಗದ ಹೊಣೆ ಹೊತ್ತಿದ್ದ ಎಡಿಜಿಪಿ ಅಮೃತ್ ಪಾಲ್ ಅವರನ್ನು ಆ ವರ್ಷದ ಜುಲೈ 4ರಂದು ಸಿಐಡಿ ಬಂಧಿಸಿತು. ಅವರ ಮೇಲಿನ ಆರೋಪದ ಸತ್ಯಾಸತ್ಯತೆ ಹೇಳಬೇಕಾದದ್ದು ವಿಚಾರಣಾ ನ್ಯಾಯಾಲಯ.

ಆಯ್ಕೆಯಾಗಿದ್ದವರಲ್ಲಿ ಆರೋಪಿಗಳಲ್ಲದವರು ಹೈಕೋರ್ಟ್‌ಗೆ ಹೋದರು. ಅವರ ವಾದ ಹಗುರವಾದದ್ದಲ್ಲ. ಸಿಬಿಐ ಕಾನ್‌ಸ್ಟೆಬಲ್ ನೇಮಕಾತಿಯ ಪ್ರಕರಣದಲ್ಲಿ 2003ರಲ್ಲೇ ಸುಪ್ರೀಂ ಕೋರ್ಟ್, ಅನರ್ಹರಾದ 31 ಮಂದಿಯನ್ನು ಬೇರ್ಪಡಿಸಿ ಗುರುತಿಸಲು ಸಾಧ್ಯವಿರುವಾಗ ಇಡೀ ಪಟ್ಟಿಯನ್ನು ರದ್ದುಮಾಡುವುದು ತಪ್ಪು ಎಂದಿತ್ತು. ಇಲ್ಲೂ ಹಾಗೆಯೇ ಬೇರ್ಪಡಿಸಿ ಎಂಬುದು ಪ್ರಾಮಾಣಿಕವಾಗಿ ಓದಿದ ಯಾರೇ ಆದರೂ ಕೇಳುವ ಮಾತು. ನ್ಯಾಯಮೂರ್ತಿಗಳಾದ ಪಿ.ಎಸ್. ದಿನೇಶ್ ಕುಮಾರ್ ಮತ್ತು ಟಿ.ಜಿ. ಶಿವಶಂಕರೇಗೌಡ ಅವರ ಪೀಠ 2023ರ ನವೆಂಬರ್ 10ರಂದು ರದ್ದತಿಯನ್ನು ಎತ್ತಿಹಿಡಿದು, ಸ್ವತಂತ್ರ ಸಂಸ್ಥೆಯಿಂದ ಮರುಪರೀಕ್ಷೆ ನಡೆಸಲು ಹೇಳಿತು.

ತೀರ್ಪು ಸರಿ ಎಂದೇ ನನ್ನ ನಿಲುವು. ಕಾರ್ಬನ್ ಪ್ರತಿಗೂ ಮೂಲ ಹಾಳೆಗೂ ತಾಳೆ ನೋಡಿದರೆ ಆಮೇಲೆ ತಿದ್ದಿದ್ದು ಸಿಗುತ್ತದೆ. ಆದರೆ ಇಲ್ಲಿ ಆರೋಪ ಬಂದಂತೆ ಬ್ಲೂಟೂತ್‌ನಲ್ಲಿ ಉತ್ತರ ಕೇಳಿ ಬರೆದವನ ಎರಡೂ ಹಾಳೆ ಒಂದೇ ಥರ ಇರುತ್ತವೆ. ಪರೀಕ್ಷಾ ಕೊಠಡಿಯಲ್ಲೂ ಹಾಳೆ ಕಾಯಬೇಕಾದ ಜಾಗದಲ್ಲೂ ಏಕಕಾಲಕ್ಕೆ ಸಂಶಯ ಬಿದ್ದ ಮೇಲೆ ಒಬ್ಬೊಬ್ಬರನ್ನೇ ಜಾಲಿಸಿ ಇವರು ಶುದ್ಧ ಎಂದು ಹೇಳುವ ಆಧಾರ ಉಳಿದಿರಲಿಲ್ಲ. ಬಂದೂಕು ಮತ್ತು ಬಂಧನದ ಅಧಿಕಾರ ಕೊಡುವ ಹುದ್ದೆಗೆ ಸಂಶಯದ ಲಾಭ ಕೊಡಲಾಗದು.

ಆದರೂ ರದ್ದತಿಯಿಂದ ತೀರ್ಪಿನವರೆಗೆ ಹದಿನೆಂಟು ತಿಂಗಳು ಹೋಯಿತು. ಆಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ 2024ರ ಜನವರಿ 23ರಂದು ಬೆಂಗಳೂರಿನಲ್ಲಿ ಮರುಪರೀಕ್ಷೆ ಮುಗಿಸಲು ಎರಡೂವರೆ ತಿಂಗಳೂ ಹಿಡಿಯಲಿಲ್ಲ. ಇಷ್ಟು ಬೇಗ ಮಾಡಬಹುದಾಗಿದ್ದ ಕೆಲಸಕ್ಕೆ ಇಷ್ಟು ಕಾಯಿಸಿದ್ದನ್ನು ನಾನು ಒಪ್ಪಲಾರೆ. ಇದರ ಬೆನ್ನಿಗೆ ನಡೆಯಬೇಕಿದ್ದ ಇನ್ನೊಂದು ತಂಡದ, 402 ಹುದ್ದೆಗಳ ಪರೀಕ್ಷೆ ನಡೆದದ್ದು 2024ರ ಅಕ್ಟೋಬರ್ 3ಕ್ಕೆ. ಮೊದಲ ಪರೀಕ್ಷೆ ನಡೆದು ಅಂದಿಗೆ ಸರಿಯಾಗಿ ಮೂರು ವರ್ಷ. ಪಿಎಸ್‌ಐ ಬಾರದ ಅಷ್ಟೂ ಕಾಲ ಅವರ ಕಡತಗಳನ್ನು ಹೊತ್ತವರು ಠಾಣೆಗಳ ಎಎಸ್‌ಐಗಳು, ಹೆಡ್ ಕಾನ್‌ಸ್ಟೆಬಲ್‌ಗಳು.

ಅವರ ಬಡ್ತಿಯ ಕಥೆ ಇನ್ನೂ ಕತ್ತಲಲ್ಲಿದೆ. ಪರೀಕ್ಷೆ ಬರೆದವನಿಗೆ ಕಾರ್ಬನ್ ಪ್ರತಿಯಾದರೂ ಸಿಕ್ಕಿತು. ಬಡ್ತಿಗೆ ಕಾಯುವವನ ಕೈಗೆ ಏನೂ ಸಿಗುವುದಿಲ್ಲ. ಇಲಾಖಾ ಮುಂಬಡ್ತಿ ಸಮಿತಿ ನೋಡುವುದು ಜ್ಯೇಷ್ಠತಾ ಪಟ್ಟಿ, ವಾರ್ಷಿಕ ಕಾರ್ಯನಿರ್ವಹಣಾ ವರದಿ, ಇಲಾಖಾ ವಿಚಾರಣೆ ಬಾಕಿ ಇದೆಯೇ ಎಂಬ ಮೂರು ಕಾಗದಗಳನ್ನು. ಮೂರೂ ಮೇಲಿನವರ ಬೀರುವಿನಲ್ಲಿರುತ್ತವೆ. ತನ್ನ ಹೆಸರು ಬಿಟ್ಟುಹೋಗಿದೆ ಎಂದು ಸಿಬ್ಬಂದಿಗೆ ಗೊತ್ತಾಗುವುದು ಅನೇಕ ಸಲ ಕಿರಿಯನ ಹೆಗಲ ಮೇಲೆ ಹೊಸ ಪಟ್ಟಿ ಕಂಡಾಗ.

ಕಾನೂನು ಇದನ್ನು ಎಂದೋ ಸರಿಪಡಿಸಿದೆ. ದೇವ್ ದತ್ ಪ್ರಕರಣದಲ್ಲಿ 2008ರ ಮೇ 12ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಗೌಪ್ಯ ವರದಿಯಲ್ಲಿ ಏನೇ ಬರೆದರೂ ಅದನ್ನು ನೌಕರನಿಗೆ ತಿಳಿಸಬೇಕು, ಕೆಟ್ಟದ್ದನ್ನು ಮಾತ್ರವಲ್ಲ. ದೇವ್ ದತ್ ಅವರ ವರದಿಯಲ್ಲಿ ಇದ್ದದ್ದು ‘ಉತ್ತಮ’ ಎಂಬ ಷರಾ. ಬಡ್ತಿಗೆ ‘ಬಹಳ ಉತ್ತಮ’ ಬೇಕಿತ್ತು. ಹೊಗಳಿದಂತೆ ಕಾಣುವ ಷರಾವೇ ಬಡ್ತಿ ತಪ್ಪಿಸಿತು, ಅವರಿಗೆ ಅದರ ಸುಳಿವೂ ಇರಲಿಲ್ಲ. 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಸುಖದೇವ್ ಸಿಂಗ್ ಪ್ರಕರಣದಲ್ಲಿ ಇದನ್ನೇ ಖಾಯಂ ಮಾಡಿತು. ಇಲಾಖಾ ವಿಚಾರಣೆಯ ನೆಪದಲ್ಲಿ ಹೆಸರನ್ನು ಮೊಹರು ಹಾಕಿದ ಲಕೋಟೆಯಲ್ಲಿ ಇಡುವುದಕ್ಕೂ ಮಿತಿಯಿದೆ. ಆರೋಪಪಟ್ಟಿ ಕೊಟ್ಟ ಮೇಲಷ್ಟೇ ಹಾಗೆ ಮಾಡಬಹುದು, ಬರೀ ಪ್ರಾಥಮಿಕ ವಿಚಾರಣೆ ನಡೆಯುತ್ತಿದೆ ಎಂದು ಬಡ್ತಿ ತಡೆಯುವಂತಿಲ್ಲ ಎಂದು 1991ರ ಜಾನಕಿರಾಮನ್ ತೀರ್ಪು ಹೇಳಿದೆ. ಈ ತೀರ್ಪುಗಳಲ್ಲಿ ಹುಳುಕಿಲ್ಲ. ಹುಳುಕಿರುವುದು ಅವು ಕೆಳಗಿಳಿದು ಬಾರದ ನಮ್ಮ ಆಡಳಿತದ ರೂಢಿಯಲ್ಲಿ.

ಮೀಸಲಾತಿಯ ಬಡ್ತಿ ವಿವಾದವನ್ನು ಇದರ ಜೊತೆಗೇ ಓದಬೇಕು. ಬಿ.ಕೆ. ಪವಿತ್ರಾ ಪ್ರಕರಣದಲ್ಲಿ 2017ರ ಫೆಬ್ರುವರಿ 9ರಂದು ಸುಪ್ರೀಂ ಕೋರ್ಟ್ ಕರ್ನಾಟಕದ 2002ರ ಕಾಯ್ದೆಯ ತತ್ಪರಿಣಾಮ ಜ್ಯೇಷ್ಠತೆಯನ್ನು, ಅಂದರೆ ಮೀಸಲಾತಿಯಲ್ಲಿ ಬಡ್ತಿ ಪಡೆದವರಿಗೆ ಆ ದರ್ಜೆಯ ಜ್ಯೇಷ್ಠತೆಯನ್ನೂ ಕೊಡುವುದನ್ನು, ತಳ್ಳಿಹಾಕಿತು. ಅಂಕಿಅಂಶದ ಆಧಾರವಿಲ್ಲ ಎಂಬುದು ಕಾರಣ. 1978ರಿಂದ ಬಂದ ಪಟ್ಟಿಗಳನ್ನು ತಿರುವಿಹಾಕುವ ಕೆಲಸ ಶುರುವಾಯಿತು. ರತ್ನಪ್ರಭಾ ಸಮಿತಿ ದತ್ತಾಂಶ ಕಲೆಹಾಕಿತು, 2018ರಲ್ಲಿ ಹೊಸ ಕಾಯ್ದೆ ಬಂತು, 2019ರ ಮೇ 10ರಂದು ಅದು ನ್ಯಾಯಾಲಯದಲ್ಲಿ ಗೆದ್ದಿತು. ಎಲ್ಲರನ್ನೂ ಒಳಗೊಳ್ಳುವುದು ಆಡಳಿತ ದಕ್ಷತೆಗೆ ಎದುರಾದದ್ದಲ್ಲ, ಅದರ ಭಾಗ ಎಂದ ಆ ಎರಡನೇ ತೀರ್ಪು ಪೊಲೀಸ್ ಇಲಾಖೆಗೆ ಎಲ್ಲಕ್ಕಿಂತ ಹೆಚ್ಚು ಒಪ್ಪುತ್ತದೆ. ದೌರ್ಜನ್ಯ ಪ್ರಕರಣದ ತನಿಖೆಯನ್ನು ಡಿವೈಎಸ್ಪಿಗೇ ಮೀಸಲಿಟ್ಟ ಕಾನೂನು, ದೌರ್ಜನ್ಯ ಉಂಡ ಸಮುದಾಯದಿಂದ ಯಾರೂ ಆ ದರ್ಜೆಗೆ ಏರದಿದ್ದರೆ ಅರ್ಧ ಮಾತ್ರ ಕೆಲಸ ಮಾಡಿದಂತೆ. ಆದರೆ ಈ ದತ್ತಾಂಶವನ್ನು ಹದಿನೈದು ವರ್ಷ ಮೊದಲೇ ಕಲೆಹಾಕಿದ್ದರೆ ಎರಡೂ ಕಡೆಯ ನೌಕರರು ಎರಡು ವರ್ಷ ತ್ರಿಶಂಕು ಸ್ಥಿತಿಯಲ್ಲಿ ಇರಬೇಕಾಗಿರಲಿಲ್ಲ.

ಹೀಗೆ ಬಿಟ್ಟುಹೋದವರು ಹೋಗುವುದೆಲ್ಲಿಗೆ? ಸಂಘ ಕಟ್ಟಲು 1966ರ ಪೊಲೀಸ್ ಪಡೆಗಳ ಹಕ್ಕುಗಳ ನಿರ್ಬಂಧ ಕಾಯ್ದೆ ಅಡ್ಡ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುವ ಕರೆ ಬಂದಾಗ ಸರ್ಕಾರ ಅದನ್ನು ಎಸ್ಮಾ ತೋರಿಸಿ ತಡೆಯಿತು. ಶಿಸ್ತಿನ ಪಡೆಗೆ ಮುಷ್ಕರ ಬೇಡ ಎಂಬುದನ್ನು ಒಪ್ಪುತ್ತೇನೆ. ಹಾಗಾದರೆ ಉಳಿಯುವುದು ಕರ್ನಾಟಕ ಆಡಳಿತ ನ್ಯಾಯಮಂಡಳಿ (ಕೆಎಟಿ) ಒಂದೇ. ಬೆಳಗಾವಿ, ಕಲಬುರಗಿಯವರಿಗೆ ಅಲ್ಲೇ ಪೀಠವಿದೆ. ಸುಳ್ಯದ ಹೆಡ್ ಕಾನ್‌ಸ್ಟೆಬಲ್ ಸಂಪಾಜೆ ಘಾಟಿಯನ್ನೋ ಶಿರಾಡಿಯನ್ನೋ ಹತ್ತಿ ಬೆಂಗಳೂರಿಗೇ ಹೋಗಬೇಕು, ಅದಕ್ಕೆ ರಜೆಯನ್ನು ತಾನು ಪ್ರಶ್ನಿಸುತ್ತಿರುವ ವ್ಯವಸ್ಥೆಯ ಬಳಿಯೇ ಕೇಳಬೇಕು. ವಕೀಲರ ಶುಲ್ಕ ಬೇರೆ. ತಡೆಯಾಜ್ಞೆ ಸಿಕ್ಕರೆ ಇತರ ಹತ್ತಾರು ಮಂದಿಯ ಬಡ್ತಿಯೂ ನಿಲ್ಲುತ್ತದೆ, ಠಾಣೆಯಲ್ಲಿ ಜೊತೆಗೆ ಊಟ ಮಾಡುವವರೇ ಮುಖ ತಿರುಗಿಸುತ್ತಾರೆ. ಕೊನೆಗೆ ಗೆದ್ದರೂ ಅಷ್ಟರಲ್ಲಿ ನಿವೃತ್ತಿಯಾಗಿದ್ದರೆ ಸಿಗುವುದು ಕಾಗದದ ಮೇಲಿನ ಕಾಲ್ಪನಿಕ ಬಡ್ತಿ. ಪಿಂಚಣಿ ಕೊಂಚ ಹೆಚ್ಚಬಹುದು, ಆ ದರ್ಜೆಯಲ್ಲಿ ಒಂದು ಪ್ರಕರಣವನ್ನೂ ಅವರು ತನಿಖೆ ಮಾಡಿರುವುದಿಲ್ಲ.

ಪೊಲೀಸರು ಮಾತುಮಾತಿಗೆ ಕೋರ್ಟಿಗೆ ಹೋಗುತ್ತಾರೆ ಎಂಬ ದೂರು ಇಲಾಖೆಯೊಳಗೇ ಕೇಳಿಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಹೆಸರು ಬಿಟ್ಟದ್ದಕ್ಕೆ ಕಾರಣ ಮೊದಲೇ ಬರಹದಲ್ಲಿ ಸಿಕ್ಕಿದ್ದರೆ ಅನೇಕರು ಅರ್ಜಿಯನ್ನೇ ಹಾಕುತ್ತಿರಲಿಲ್ಲ. ರಾಜ್ಯದ ಸರ್ಕಾರಿ ನೌಕರರ ಸಂಬಳದ ಚೀಟಿ ಈಗ ಪ್ರತಿ ತಿಂಗಳು ಎಚ್‌ಆರ್‌ಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಸಿಗುತ್ತದೆ, ಕಡಿತದ ಪ್ರತಿ ರೂಪಾಯಿಯೂ ಅದರಲ್ಲಿ ಕಾಣುತ್ತದೆ. ಅದೇ ತೆರೆಯ ಮೇಲೆ ಜ್ಯೇಷ್ಠತಾ ಸಂಖ್ಯೆ, ವರ್ಷದ ಷರಾ, ಬಾಕಿ ವಿಚಾರಣೆಯ ವಿವರ ತೋರಿಸಲಿ. ಮುಂಬಡ್ತಿ ಸಮಿತಿ ಸೇರುವ ಮೊದಲೇ ಆಕ್ಷೇಪಣೆಗೆ ಒಂದು ತಿಂಗಳು ಕೊಡಲಿ, ಆಕ್ಷೇಪಣೆ ತಳ್ಳಿಹಾಕಿದರೆ ಕಾರಣವನ್ನು ಅಲ್ಲೇ ಬರೆದು, ಬರೆದವರ ಹೆಸರು, ಹುದ್ದೆ, ದಿನಾಂಕ ಹಾಕಲಿ.