ಬಾರ್ಬರೆಸ್ಕೊ: ಊರವರೆಲ್ಲ ಕೂಡಿ ಮಾಡುವ ವೈನ್

ನೆಬ್ಬಿಯೋಲೊ ದ್ರಾಕ್ಷಿಯ ವೈನನ್ನು ಮೊದಲ ಸಲ ಲೋಟಕ್ಕೆ ಸುರಿದವರಿಗೆ ನಿರಾಸೆಯಾಗುವುದು ಸಹಜ. ಲೋಟದಾಚೆ ಹಿಡಿದ ಬೆರಳು ಕಾಣುವಷ್ಟು ತೆಳು ಕೆಂಪು. ಕೆಲವು ವರ್ಷ ಕಳೆದಿದ್ದರೆ ಅಂಚಿನಲ್ಲಿ ಇಟ್ಟಿಗೆಯ ಛಾಯೆ ಬೇರೆ. ಇದರಲ್ಲೇನು ಸತ್ವವಿದ್ದೀತು ಎಂದುಕೊಂಡು ಬಾಯಿಗಿಟ್ಟರೆ, ಗೇರುಹಣ್ಣು ಕಚ್ಚಿದಾಗಿನಂತೆ ಒಗರು ಒಸಡನ್ನೇ ಹಿಡಿದುಕೊಳ್ಳುತ್ತದೆ. ಈ ಹಣ್ಣಿನ ಸಿಪ್ಪೆಯಲ್ಲಿ ಬಣ್ಣ ಕಡಿಮೆ, ಇರುವುದೂ ಬೇಗ ಮಾಸುವಂಥದ್ದು. ಒಗರು ಕೊಡುವ ಟ್ಯಾನಿನ್ ಮಾತ್ರ ಧಾರಾಳ, ಹುಳಿಯೂ ಜೋರು. ಗುಲಾಬಿ, ಚೆರಿ, ಸೋಂಪು, ಅವುಗಳ ಅಡಿಯಲ್ಲಿ ಎಲ್ಲೋ ಸಣ್ಣಗೆ ಡಾಂಬರಿನ ವಾಸನೆ. ಇಷ್ಟು ವೈರುಧ್ಯಗಳನ್ನು ಒಟ್ಟಿಗೆ ಹೊತ್ತ ಇನ್ನೊಂದು ಕೆಂಪು ದ್ರಾಕ್ಷಿಯನ್ನು ನಾನು ಕಂಡಿಲ್ಲ.

ಬೆಳೆಗಾರನಿಗೂ ಇದು ಸುಲಭದ ಬಳ್ಳಿಯಲ್ಲ. ಎಲ್ಲಕ್ಕಿಂತ ಮೊದಲು ಚಿಗುರಿ ಎಲ್ಲಕ್ಕಿಂತ ಕೊನೆಗೆ ಹಣ್ಣಾಗುತ್ತದೆ. ವಸಂತದ ಇಬ್ಬನಿ ಹೆಪ್ಪುಗಟ್ಟುವ ಚಳಿಗೂ ಸಿಕ್ಕೀತು, ಅಕ್ಟೋಬರಿನ ಮಳೆಗೂ ಸಿಕ್ಕೀತು. ಹಾಗಾಗಿ ಇಟಲಿಯ ವಾಯವ್ಯದ ಪಿಯೆಮಾಂಟಿನಲ್ಲಿ, ಬಿಸಿಲು ಚೆನ್ನಾಗಿ ಬೀಳುವ ಗುಡ್ಡದ ಇಳಿಜಾರುಗಳನ್ನು ಇದಕ್ಕೇ ಮೀಸಲಿಡುತ್ತಾರೆ. ಆಲ್ಬಾ ಪಟ್ಟಣದ ಒಂದು ಬದಿಗೆ ಬರೋಲೊ, ಇನ್ನೊಂದು ಬದಿಗೆ ತಾನಾರೊ ನದಿಯ ದಂಡೆಯ ಮೇಲೆ ಬಾರ್ಬರೆಸ್ಕೊ. ಎರಡೂ ಪೂರ್ತಿ ನೆಬ್ಬಿಯೋಲೊ. ಕಾನೂನಿನ ಪ್ರಕಾರ ಬರೋಲೊ 38 ತಿಂಗಳು ಮಾಗಬೇಕು, ಬಾರ್ಬರೆಸ್ಕೊಗೆ 26 ತಿಂಗಳು ಸಾಕು. ಹೆಸರು ಬರೋಲೊದ್ದೇ ದೊಡ್ಡದು. ಆದರೆ ಈ ದ್ರಾಕ್ಷಿಯ ಪರಿಚಯ ಬೇಕೆನ್ನುವವರಿಗೆ ನಾನು ಕೊಡಿಸುವುದು ಬಾರ್ಬರೆಸ್ಕೊ ಊರಿನ ಸಹಕಾರ ಸಂಘದ ಬಾಟಲಿಯನ್ನು.

ಒಂದು ಕಾಲಕ್ಕೆ ಈ ಊರಿನ ದ್ರಾಕ್ಷಿ ಬರೋಲೊದವರಿಗೆ ಮಾರಾಟವಾಗುತ್ತಿತ್ತು.  ಅದನ್ನು ಬದಲಿಸಿದವರು ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥ ದೊಮಿಟ್ಸಿಯೊ ಕವಾಟ್ಸಾ. 1894ರಲ್ಲಿ ಒಂಬತ್ತು ಬೆಳೆಗಾರರನ್ನು ಕೂಡಿಸಿ, ಊರಿನಲ್ಲಿದ್ದ ತಮ್ಮ ಕೋಟೆಮನೆಯಲ್ಲೇ ಸಂಘ ಕಟ್ಟಿದರು. ಫ್ಯಾಸಿಸ್ಟರ ಆಳ್ವಿಕೆಯಲ್ಲಿ ಅದು ಮುಚ್ಚಿಹೋಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೂ ಸಣ್ಣ ರೈತನ ಕೈಯಲ್ಲಿ ದುಡ್ಡು ಉಳಿಯುತ್ತಿರಲಿಲ್ಲ. 1958ರಲ್ಲಿ ಊರಿನ ಪಾದ್ರಿ ಫಿಯೊರಿನೊ ಮರೆಂಗೊ ಹತ್ತೊಂಬತ್ತು ಬೆಳೆಗಾರರನ್ನು ಮತ್ತೆ ಒಟ್ಟುಗೂಡಿಸಿದರು. ಮೊದಲ ಮೂರು ಸುಗ್ಗಿಯ ವೈನ್ ತಯಾರಾದದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಆಮೇಲೆ ಚರ್ಚಿನ ಮುಂದಿನ ಚೌಕದ ಎದುರು ಬದಿಗೆ ಸ್ವಂತ ಕಟ್ಟಡವೆದ್ದಿತು. ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ ಎಂಬ ಈ ಸಂಘದಲ್ಲಿ ಇಂದು ಐವತ್ತಕ್ಕೂ ಹೆಚ್ಚು ಕುಟುಂಬಗಳಿವೆ, ನೂರು ಹೆಕ್ಟೇರಿಗೂ ಮೀರಿದ ತೋಟವಿದೆ.

ಸಹಕಾರಿ ವೈನ್ ಎಂದರೆ ಅಗ್ಗದ್ದು, ಕಳಪೆಯದ್ದು ಎನ್ನುವ ಭಾವನೆ ಯುರೋಪಿನ ಎಷ್ಟೋ ಕಡೆ ಇದೆ, ಹಲವೆಡೆ ಅದಕ್ಕೆ ಕಾರಣವೂ ಇದೆ: ತೂಕಕ್ಕೆ ದುಡ್ಡು ಕೊಟ್ಟರೆ ರೈತ ತೂಕವನ್ನೇ ಬೆಳೆಯುತ್ತಾನೆ. ಇಲ್ಲಿ ಹಣ್ಣಿನ ಗುಣ ನೋಡಿ ಬೆಲೆ ಕಟ್ಟುತ್ತಾರೆ. ಆಸಿಲಿ, ರಬಾಯಾ, ಮೊಂತೆಸ್ತೆಫನೊ, ಒವೆಲ್ಲೊ ಮೊದಲಾದ ಒಂಬತ್ತು ಹೆಸರುವಾಸಿ ತೋಟಗಳ ಹಣ್ಣನ್ನು ಒಳ್ಳೆಯ ವರ್ಷಗಳಲ್ಲಿ ಬೇರೆ ಬೇರೆಯಾಗಿ ಹುದುಗಿಸಿ, 'ರಿಸೆರ್ವಾ' ಎಂದು ಪ್ರತ್ಯೇಕ ಬಾಟಲಿಗೆ ತುಂಬುತ್ತಾರೆ. ಆಯಾ ತೋಟದ ಒಡೆಯರ ಹೆಸರುಗಳು ಲೇಬಲ್ಲಿನ ಮೇಲೆಯೇ ಇರುತ್ತವೆ. ಮಣ್ಣು ಬದಲಾದರೆ ಒಂದೇ ದ್ರಾಕ್ಷಿ ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ: ಎಲ್ಲ ಒಂಬತ್ತನ್ನೂ ಅದೇ ಕೈಗಳು, ಅದೇ ಕ್ರಮದಲ್ಲಿ ಮಾಡಿರುತ್ತವೆ. ಆಸಿಲಿ ನಯ, ಪರಿಮಳವೇ ಅದರ ಬಲ. ಮೊಂತೆಸ್ತೆಫನೊ ಗಡಸು, ಎಷ್ಟೋ ವರ್ಷ ಕಾಯಿಸುತ್ತದೆ.

ಆದರೆ ನನಗೆ ಅತ್ಯಂತ ಮೆಚ್ಚುಗೆಯಾಗುವುದು ರಿಸೆರ್ವಾ ಮಾಡದ ವರ್ಷಗಳು. ಆಗ ಒಂಬತ್ತೂ ತೋಟಗಳ ಹಣ್ಣು ಸಾಮಾನ್ಯ ಬಾರ್ಬರೆಸ್ಕೊಗೇ ಸೇರುತ್ತದೆ. ದುಬಾರಿ ಬಾಟಲಿಯ ಲಾಭವನ್ನು ಬಿಟ್ಟು ಎಲ್ಲರ ಬಾಟಲಿಯನ್ನು ಗಟ್ಟಿಮಾಡುವ ಈ ನಿರ್ಧಾರವನ್ನು ಒಬ್ಬ ಮಾಲೀಕ ಅಷ್ಟು ಸುಲಭವಾಗಿ ತೆಗೆದುಕೊಳ್ಳಲಾರ.

ಕುಡಿಯುವವರಿಗೆ ಒಂದೆರಡು ಮಾತು. ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎಂಬ ಮಾತು ಯುರೋಪಿನ ಚಳಿಮನೆಗಳದ್ದು. ಬೆಂಗಳೂರಿನ ಏಪ್ರಿಲ್‌ನಲ್ಲಿ ಅದನ್ನು ಪಾಲಿಸಿದರೆ ಆಲ್ಕೋಹಾಲ್ ಮೂಗಿಗೆ ಹೊಡೆದು ಗುಲಾಬಿ ಮಾಯವಾಗುತ್ತದೆ. ಫ್ರಿಜ್ಜಿನಲ್ಲಿಟ್ಟು 17-18 ಡಿಗ್ರಿಗೆ ಇಳಿಸಿ. ಎಳೆಯ ಬಾಟಲಿಯಾದರೆ ಅಗಲ ಬಾಯಿಯ ಜಗ್ಗಿಗೆ ಸುರಿದು ಒಂದೆರಡು ಗಂಟೆ ಗಾಳಿಯಾಡಲು ಬಿಡಿ. ಬರಿದೇ ಕುಡಿಯಬೇಡಿ, ಟ್ಯಾನಿನ್ ಮಾಂಸದ ಪ್ರೋಟೀನಿಗೆ ಅಂಟಿಕೊಂಡಾಗ ನಾಲಿಗೆಗೆ ಒಗರು ಕಡಿಮೆಯಾಗುತ್ತದೆ. ಪಿಯೆಮಾಂಟಿನವರು ವೈನಿನಲ್ಲೇ ಬೇಯಿಸಿದ ಮಾಂಸವನ್ನೋ, ಬೆಣ್ಣೆ ಸವರಿದ ತಾಯಾರಿನ್ ಎಂಬ ಎಳೆಪಾಸ್ತಾವನ್ನೋ ಜೊತೆಗಿಟ್ಟುಕೊಳ್ಳುತ್ತಾರೆ. ನಮ್ಮ ಅಡುಗೆಯಲ್ಲಿ ಹಸಿಮೆಣಸಿನಕಾಯಿಯ ಖಾರ ಇದರ ಶತ್ರು, ಒಗರನ್ನು ಇನ್ನಷ್ಟು ಕೆರಳಿಸುತ್ತದೆ. ಕಾಳುಮೆಣಸು ಹಾಕಿ ನಿಧಾನವಾಗಿ ಬೇಯಿಸಿದ ಕುರಿಮಾಂಸ ಒಗ್ಗುತ್ತದೆ.

ಇಟಲಿಗೆ ಹೋಗಿ ಬರುವವರು ಬರೋಲೊದ ದೊಡ್ಡ ಹೆಸರಿಗೆ ದುಡ್ಡು ಸುರಿಯುವ ಮೊದಲು ಈ ಸಂಘದ ಸಾದಾ ಬಾರ್ಬರೆಸ್ಕೊ ಎರಡು ಬಾಟಲಿ ತನ್ನಿ. ಒಂದನ್ನು ಈಗ ತೆರೆಯಿರಿ, ಇನ್ನೊಂದನ್ನು ತಂಪಾದ ಕತ್ತಲೆಯಲ್ಲಿ ಐದು ವರ್ಷ ಮಲಗಿಸಿಡಿ.