ಮುಪ್ಪಿನಲ್ಲಿ ಪ್ರಕಟವಾಗುವ ಗೆಡ್ಡೆ

ಹಂದಿಯ ವೃಷಣದಲ್ಲಿ ಅರ್ಬುದ ಹುಟ್ಟುವುದು ಅತಿ ವಿರಳವೆಂಬ ಪಶುವೈದ್ಯರ ಮಾತು ಸತ್ಯವೇ ಆದರೂ, ಆ ವಿರಳತೆಗೆ ಹಂದಿಯ ದೇಹಪ್ರಕೃತಿಗಿಂತ ಅದನ್ನು ಸಾಕುವ ಮನುಷ್ಯನ ಪದ್ಧತಿಯೇ ಹೆಚ್ಚಿನ ಕಾರಣವೆಂದು ನನ್ನ ದೃಢವಾದ ಅಭಿಪ್ರಾಯ. ಮಾಂಸಕ್ಕಾಗಿ ಬೆಳೆಸುವ ಗಂಡುಮರಿಯ ಬೀಜವನ್ನು ಎಳೆತನದಲ್ಲಿಯೇ ತೆಗೆದುಬಿಡುವುದು ಅನೇಕ ದೇಶಗಳ ವಾಡಿಕೆ. ತೆಗೆಯದೆ ಉಳಿಸಿದ ಮರಿಯೂ ಆರು ತಿಂಗಳ ಆಸುಪಾಸಿನಲ್ಲಿ ಕಸಾಯಿಖಾನೆಯನ್ನು ಸೇರುತ್ತದೆ. ತಳಿಗೆಂದು ಇರಿಸಿಕೊಂಡ ಗಂಡಿಗೂ ದೊರೆಯುವುದು ಕೆಲವೇ ವರ್ಷಗಳ ಬಾಳು. ಮುಪ್ಪನ್ನೇ ಕಾಣದ ಪ್ರಾಣಿಯಲ್ಲಿ ಮುಪ್ಪಿನ ವ್ಯಾಧಿ ತೋರುವುದೆಂತು? ವಿಯೆಟ್ನಾಮಿನ ಡೊಳ್ಳುಹೊಟ್ಟೆಯ ಹಂದಿಯನ್ನು 1980ರ ದಶಕದಿಂದೀಚೆಗೆ ಅಮೆರಿಕದ ಗೃಹಸ್ಥರು ಅಕ್ಕರೆಯಿಂದ ಮನೆಯೊಳಗೆ ಸಾಕತೊಡಗಿ, ಅದಕ್ಕೆ ಹತ್ತು ಹದಿನೈದು ವರ್ಷದ ಆಯುಷ್ಯ ಪ್ರಾಪ್ತವಾದ ಮೇಲೆ, ಬೀಜವುಳಿದ ಮುದಿಗಂಡುಗಳಲ್ಲಿ ಇಂಥ ಗೆಡ್ಡೆಗಳು ವೈದ್ಯರ ಗಮನಕ್ಕೆ ಬಂದಿವೆ.

ಸಾಕುಪ್ರಾಣಿಗಳಲ್ಲೆಲ್ಲ ಈ ವ್ಯಾಧಿ ಅತ್ಯಧಿಕವಾಗಿ ಕಾಣುವುದು ವೃದ್ಧ ನಾಯಿಯಲ್ಲಿ. ಅದರ ಮುಖ್ಯ ಪ್ರಭೇದಗಳು ಮೂರು: ವೀರ್ಯಾಣುಗಳ ಮೂಲಕೋಶದಿಂದ ಹುಟ್ಟುವ ಸೆಮಿನೋಮ, ಪುರುಷತ್ವದ ರಸವನ್ನು ಸ್ರವಿಸುವ ಲೇಡಿಗ್ ಕೋಶದ ಗೆಡ್ಡೆ, ವೀರ್ಯಾಣುಗಳನ್ನು ಪೋಷಿಸುವ ಸೆರ್ಟೋಲಿ ಕೋಶದ ಗೆಡ್ಡೆ. ಈ ಕಡೆಯ ಕೋಶವನ್ನು 1865ರಲ್ಲಿ ವರ್ಣಿಸಿದ ಇಟಲಿಯ ಎನ್ರಿಕೊ ಸೆರ್ಟೋಲಿ, ಮುಂದೆ ಮಿಲಾನಿನ ಪಶುವೈದ್ಯ ವಿದ್ಯಾಲಯದಲ್ಲಿಯೇ ಅಧ್ಯಾಪಕನಾದನೆಂಬುದು ಪಶುಪ್ರಿಯರಾದ ನಮಗೆ ಸಂತೋಷದ ಸಂಗತಿ. ಮೊದಲಿನೆರಡು ನಾಯಿಯಲ್ಲಿ ಬಹುಮಟ್ಟಿಗೆ ನಿರುಪದ್ರವಿಗಳು. ಮೂರನೆಯದು ಮಾತ್ರ ಹಲವೊಮ್ಮೆ ಸ್ತ್ರೀತ್ವದ ರಸವಾದ ಈಸ್ಟ್ರೊಜೆನ್ನನ್ನು ಸ್ರವಿಸಿ ಗಂಡಿನ ದೇಹವನ್ನೇ ಮಾರ್ಪಡಿಸಿಬಿಡುವುದುಂಟು. ಎರಡೂ ಪಕ್ಕೆಗಳ ಕೂದಲು ತುರಿಕೆಯಿಲ್ಲದೆ ಸಮನಾಗಿ ಉದುರುತ್ತದೆ, ಮೊಲೆತೊಟ್ಟುಗಳು ದಪ್ಪನಾಗುತ್ತವೆ, ಇತರ ಗಂಡುನಾಯಿಗಳು ಹೆಣ್ಣೆಂದು ಭ್ರಮಿಸಿ ಬೆನ್ನುಹತ್ತುತ್ತವೆ. ಇದನ್ನು ಚರ್ಮರೋಗವೆಂದು ತಿಳಿದು ಮುಲಾಮು ಸವರುತ್ತ ಕಾಲ ಕಳೆಯುವ ಯಜಮಾನರನ್ನು ಕಂಡಾಗ ನನ್ನ ಮನಸ್ಸು ಮರುಗುತ್ತದೆ. ಏಕೆಂದರೆ ಅದೇ ರಸ ಮೂಳೆಯೊಳಗಿನ ಮಜ್ಜೆಯನ್ನು ಕುಂದಿಸಿ, ರಕ್ತಹೀನತೆಯನ್ನೂ ರಕ್ತಸ್ರಾವವನ್ನೂ ತಂದು, ಗೆಡ್ಡೆಯನ್ನು ತೆಗೆದ ಮೇಲೂ ಪ್ರಾಣವನ್ನು ಅಪಹರಿಸಬಲ್ಲುದು.

ಕುದುರೆಯಲ್ಲಿ ಸೆಮಿನೋಮವೂ ಮುದಿ ಹೋರಿಯಲ್ಲಿ ಲೇಡಿಗ್ ಕೋಶದ ಗೆಡ್ಡೆಯೂ ಕಾಣಬರುವುವು; ಕುದುರೆಯದು ನಾಯಿಯದಕ್ಕಿಂತ ಕ್ರೂರವಾಗಿ ದೇಹದಲ್ಲಿ ಹರಡುವ ಸಂಭವ ಹೆಚ್ಚು. ಬೆಕ್ಕಿನಲ್ಲಿ ಇದು ದುರ್ಲಭ.

ನಾಯಿಮರಿಗೆ ಆರು ತಿಂಗಳಾದರೂ ಒಂದು ಬೀಜವಾದರೂ ಚೀಲಕ್ಕಿಳಿಯದೆ ಉಳಿದಿದ್ದರೆ, ಹೊಟ್ಟೆಯಲ್ಲಿಯೋ ತೊಡೆಸಂದಿಯಲ್ಲಿಯೋ ಅಡಗಿದ ಆ ಬೀಜ ಅರ್ಬುದಕ್ಕೆ ತುತ್ತಾಗುವ ಸಂಭವ ಸಹಜ ಬೀಜಕ್ಕಿಂತ ಹತ್ತು ಪಟ್ಟಿಗೂ ಮಿಗಿಲು. ಆದುದರಿಂದ ಯೌವನದಲ್ಲಿಯೇ ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಸುವುದು ಯಜಮಾನನ ಕರ್ತವ್ಯ. ಈ ದೋಷ ವಂಶಪಾರಂಪರ್ಯವಾಗಿ ಇಳಿಯುವುದರಿಂದ, ಅಂಥ ನಾಯಿಯನ್ನು, ಅದೆಷ್ಟೇ ಲಕ್ಷಣವಂತವಾಗಿರಲಿ, ತಳಿಗೆ ಬಿಡಕೂಡದು. ಬೀಜವುಳಿದ ವೃದ್ಧ ನಾಯಿಯ ಮೈತಿಕ್ಕುವಾಗಲೆಲ್ಲ ಎರಡು ಬೀಜಗಳನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಒಂದು ಹಿಗ್ಗಿ ಗಡುಸಾಗಿ ಮತ್ತೊಂದು ಕುಗ್ಗಿದ್ದರೆ, ಗಾತ್ರ ಎಷ್ಟೇ ಸಣ್ಣದಿರಲಿ, ವೈದ್ಯರಲ್ಲಿಗೆ ಒಯ್ದು, ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸತಕ್ಕದ್ದು.